ಗಣಕವನ್ನು ಅಳೆಯುವ ಬಳ್ಳ

ಕಳೆದ ದಸರೆಯ ಹೊತ್ತಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಿದ್ದ. ಸುಮಾರು ಮೂವತ್ತು ವರ್ಷಗಳ ಹಿಂದೆ ಕೃಷ್ಣರಾಜಪೇಟೆ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ನನ್ನ ಬಳಿ ಗಣಿತ ಕಲಿತವನು. ಈಗ ಅವನಿಗೆ ಎರಡೂವರೆ ಎಕರೆ ಕಬ್ಬು, ಒಂದಿಷ್ಟು ತೆಂಗು, ಎರಡು ಸೀಮೆಹಸು. ಮಗಳಿಗೆ ಕೃಷ್ಣರಾಜಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತಿತ್ತು. ಆ ಸಂತೋಷವನ್ನು ಹಂಚಿಕೊಳ್ಳಲು ಬಂದವನು ಕಾಫಿ ಕುಡಿದಾದ ಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಎರಡು ಹಾಳೆಗಳನ್ನು ತೆಗೆದು ನನ್ನ ಮುಂದಿಟ್ಟ. ಮೈಸೂರಿನ ಅಂಗಡಿಯೊಂದು ಕೊಟ್ಟ ದರಪಟ್ಟಿಗಳು. ಒಂದು ಲ್ಯಾಪ್‌ಟಾಪಿಗೆ ಎಂಬತ್ತೆರಡು ಸಾವಿರ, ಇನ್ನೊಂದಕ್ಕೆ ಐವತ್ತನಾಲ್ಕು ಸಾವಿರ.

“ಮೇಷ್ಟ್ರೇ, ಇದು ಐ-ಸೆವೆನ್ನು, ಅದು ಐ-ಫೈವು. ಏಳು ಐದಕ್ಕಿಂತ ದೊಡ್ಡದಲ್ವೇ? ಒಂದು ಹಸ ಮಾರುದ್ರೂ ಚಿಂತೆ ಇಲ್ಲ, ಮಗೀಗೆ ದೊಡ್ಡದೇ ಕೊಡ್ಸಾವ ಅಂತಿದೀನಿ” ಎಂದ.

ನಾನು ಆ ಹುಡುಗಿಯನ್ನು ಕೇಳಿದೆ: “ನೋಡವ್ವ, ಈ ಯಂತ್ರದಲ್ಲಿ ನೀನು ಮಾಡಬೇಕಾದ ಕೆಲಸವೇನು?” ಆಕೆ ತಂದೆಯ ಮುಖ ನೋಡಿದಳು, ತಂದೆ ನನ್ನ ಮುಖ ನೋಡಿದ. ಈ ಪ್ರಶ್ನೆಯನ್ನು ಅಂಗಡಿಯವರೂ ಕೇಳಿರಲಿಲ್ಲ, ಇವರೂ ಕೇಳಿಕೊಂಡಿರಲಿಲ್ಲ. ಒಂದು ಹಸು ಮಾರಾಟವಾಗುವ ಹಂತಕ್ಕೆ ಬಂದಿದ್ದರೂ, ಅದರ ಬೆಲೆ ತೆತ್ತು ಕೊಳ್ಳುವ ವಸ್ತುವಿನ ಅಳತೆ ಯಾವುದೆಂಬ ವಿಚಾರವೇ ಎದ್ದಿರಲಿಲ್ಲ. ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕುಳಿತಿದೆ. ಗಣಕಯಂತ್ರದ ಮಿದುಳಾದ ಪ್ರೊಸೆಸರಿನ ಸಾಮರ್ಥ್ಯವನ್ನು ಅಳೆಯುವುದು ಹೇಗೆ? ಯಾವ ಬಳ್ಳದಿಂದ ಅಳೆದರೆ ಅದು ನ್ಯಾಯವಾದ ಅಳತೆ? ನಾನು ಕಂಪ್ಯೂಟರ್ ಪಂಡಿತನಲ್ಲ, ಬಿ.ಇಡಿ. ಮಾಡಿ ಮೂರು ದಶಕಗಳಿಗೂ ಹೆಚ್ಚು ಕಾಲ ಗಣಿತ, ವಿಜ್ಞಾನ ಪಾಠ ಹೇಳಿದ ಹಳ್ಳಿಯ ಮೇಷ್ಟ್ರು. ಆದರೆ ಅಳತೆ ಎಂಬುದು ಮೇಷ್ಟ್ರುಗಳ ವಿಷಯವೇ ಆದ್ದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲಿಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2002ರ ಸುಮಾರಿಗೆ ನಾನು ನಾಗಮಂಗಲ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಸರ್ಕಾರದ ‘ಮಾಹಿತಿ ಸಿಂಧು’ ಯೋಜನೆಯಡಿ ರಾಜ್ಯದ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬರುತ್ತಿದ್ದ ಕಾಲವದು. ನಮ್ಮ ಶಾಲೆ ಆ ಪಟ್ಟಿಯಲ್ಲಿರಲಿಲ್ಲ. ಊರಿನ ಹಿರಿಯರು ರಾಗಿ ಮಾರಿದ ಹಣದಲ್ಲಿ, ಕೊಬ್ಬರಿ ಮಾರಿದ ಹಣದಲ್ಲಿ ನೂರು ಇನ್ನೂರು ಸೇರಿಸಿ ಒಂದು ಕಂಪ್ಯೂಟರಿಗಾಗುವಷ್ಟು ಕೂಡಿಸಿಕೊಟ್ಟರು. ನಮ್ಮ ಮುಂದೆ ಎರಡು ದರಪಟ್ಟಿಗಳು ಬಂದವು. ಒಂದರಲ್ಲಿ 1.7 ಗಿಗಾಹರ್ಟ್ಸ್ ಪ್ರೊಸೆಸರು, 128 ಮೆಗಾಬೈಟ್ ಸ್ಮರಣೆ. ಇನ್ನೊಂದರಲ್ಲಿ 1.3 ಗಿಗಾಹರ್ಟ್ಸ್ ಪ್ರೊಸೆಸರು, 256 ಮೆಗಾಬೈಟ್ ಸ್ಮರಣೆ. ಬೆಲೆ ಹೆಚ್ಚುಕಡಿಮೆ ಒಂದೇ. ಸಭೆಯಲ್ಲಿ ಎದ್ದು ನಿಂತು, “1.7ನ್ನು 1.3ರಿಂದ ಭಾಗಿಸಿದರೆ ಒಂದೂಕಾಲಿಗಿಂತ ಹೆಚ್ಚು ಬರುತ್ತದೆ. ಆದ್ದರಿಂದ ಮೊದಲನೆಯದು ನೂರಕ್ಕೆ ಮೂವತ್ತರಷ್ಟು ವೇಗ” ಎಂದು ಹಿರಿಯರಿಗೆ ಅರ್ಥ ಮಾಡಿಸಿದವನು ನಾನೇ. ಭಾಗಾಕಾರ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು.

ಯಂತ್ರ ಬಂತು, ಪೂಜೆಯಾಯಿತು, ಕಡ್ಲೆಪುರಿ ಹಂಚಿದ್ದಾಯಿತು. ಆದರೆ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಎರಡನ್ನೂ ಒಟ್ಟಿಗೆ ತೆರೆದರೆ ಸಾಕು, ಒಳಗಿನ ಡಿಸ್ಕು ಕರಕರ ಸದ್ದು ಮಾಡಿಕೊಂಡು ನಿಂತೇಬಿಡುತ್ತಿತ್ತು. ಹುಡುಗರು “ಸಾ, ಅದು ಯೋಚ್ನೆ ಮಾಡ್ತಾ ಅದೆ” ಎನ್ನುತ್ತಿದ್ದರು. ಪಕ್ಕದ ಊರಿನ ಶಾಲೆಯವರು ನಾವು ಬೇಡವೆಂದ ಬಗೆಯ ಯಂತ್ರವನ್ನೇ ತಂದಿದ್ದರು. ಅದು ಇದೇ ಕೆಲಸವನ್ನು ಸಲೀಸಾಗಿ ಮಾಡುತ್ತಿತ್ತು. ನಮ್ಮ ಪ್ರೊಸೆಸರು ವೇಗವಾಗಿಯೇ ಇತ್ತು, ಆದರೆ ಸ್ಮರಣೆ ಸಾಲದೆ ಅದು ಬಹುಕಾಲ ಸುಮ್ಮನೆ ಕಾಯುತ್ತಿತ್ತು. ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಅವನು ಹೇಳಿದ ಒಂದೇ ನಿಜವನ್ನು ಪೂರ್ತಿ ನಿಜವೆಂದು ನಂಬಿದವನು ನಾನು. ಬಡವರ ದುಡ್ಡಿನ ಮೇಲೆ ಮಾಡಿದ ಆ ತಪ್ಪು ಲೆಕ್ಕ ಇಂದಿಗೂ ನನ್ನನ್ನು ಕುಟುಕುತ್ತದೆ.

ಗಿಗಾಹರ್ಟ್ಸ್ ಎಂದರೇನು? ಪ್ರೊಸೆಸರಿನೊಳಗೆ ತಾಳ ಹಾಕುವ ಗಡಿಯಾರವೊಂದಿದೆ. ಅದು ಒಂದು ಸೆಕೆಂಡಿಗೆ ಎಷ್ಟು ಬಾರಿ ತಾಳ ಹಾಕುತ್ತದೆಂಬುದೇ ಈ ಸಂಖ್ಯೆ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ತಾಳ. ಆದರೆ ಒಂದು ತಾಳಕ್ಕೆ ಎಷ್ಟು ಕೆಲಸವಾಗುತ್ತದೆಂಬುದನ್ನು ಅದು ಹೇಳುವುದಿಲ್ಲ. ನಮ್ಮ ಮಂಡ್ಯ ಸೀಮೆಯ ಆಲೆಮನೆಯನ್ನು ನೆನೆಯಿರಿ. ಗಾಣ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದಷ್ಟೇ ಹೇಳಿದರೆ ಸಂಜೆಗೆ ಎಷ್ಟು ಬೆಲ್ಲವಾಯಿತೆಂದು ಯಾರೂ ಹೇಳಲಾರರು. ಒಂದು ಸುತ್ತಿಗೆ ಎಷ್ಟು ಜಲ್ಲೆ ನುರಿಯಿತು, ಒಮ್ಮೆಗೇ ರಸ ಪೂರ್ತಿ ಬಂತೋ ಎರಡನೆಯ ಬಾರಿ ಕೊಡಬೇಕಾಯಿತೋ ಎಂಬುದೂ ಬೇಕು.

ಇದನ್ನೇ ಲೆಕ್ಕವಾಗಿ ಬರೆಯೋಣ. ಒಂದು ಕೆಲಸಕ್ಕೆ ಹಿಡಿಯುವ ಕಾಲವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಆ ಕೆಲಸದಲ್ಲಿ ಒಟ್ಟು ಎಷ್ಟು ಆದೇಶಗಳಿವೆ, ಒಂದು ಆದೇಶಕ್ಕೆ ಸರಾಸರಿ ಎಷ್ಟು ತಾಳ ಬೇಕು, ಸೆಕೆಂಡಿಗೆ ಎಷ್ಟು ತಾಳ ಬೀಳುತ್ತವೆ. ಮೊದಲೆರಡನ್ನು ಗುಣಿಸಿ ಮೂರನೆಯದರಿಂದ ಭಾಗಿಸಿದರೆ ಕಾಲ ದೊರೆಯುತ್ತದೆ. ಆರುನೂರು ಕೋಟಿ ಆದೇಶಗಳ ಒಂದು ಕೆಲಸವಿದೆಯೆನ್ನಿ. ಮೊದಲ ಯಂತ್ರ 3 ಗಿಗಾಹರ್ಟ್ಸಿನದು, ಆದರೆ ಅದಕ್ಕೆ ಒಂದು ಆದೇಶಕ್ಕೆ ಎರಡು ತಾಳ ಬೇಕು. ಒಟ್ಟು ಸಾವಿರದ ಇನ್ನೂರು ಕೋಟಿ ತಾಳ. ಸೆಕೆಂಡಿಗೆ ಮುನ್ನೂರು ಕೋಟಿಯಂತೆ ನಾಲ್ಕು ಸೆಕೆಂಡು. ಎರಡನೆಯದು 2 ಗಿಗಾಹರ್ಟ್ಸಿನದು, ಅದಕ್ಕೆ ಒಂದು ಆದೇಶಕ್ಕೆ ಒಂದೇ ತಾಳ ಸಾಕು. ಒಟ್ಟು ಆರುನೂರು ಕೋಟಿ ತಾಳ. ಸೆಕೆಂಡಿಗೆ ಇನ್ನೂರು ಕೋಟಿಯಂತೆ ಮೂರೇ ಸೆಕೆಂಡು. ಅಂಗಡಿಯ ಫಲಕದಲ್ಲಿ ಗೆದ್ದದ್ದು ಮೊದಲನೆಯದು, ಕೆಲಸದಲ್ಲಿ ಗೆದ್ದದ್ದು ಎರಡನೆಯದು. ಹತ್ತನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕವಿದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 2000ದ ನವೆಂಬರಿನಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ 4 ಬಂದಾಗ ಅದರ ತಾಳ 1.4 ಮತ್ತು 1.5 ಗಿಗಾಹರ್ಟ್ಸ್ ಇತ್ತು. ಆದರೂ ಕೆಲವು ಪರೀಕ್ಷೆಗಳಲ್ಲಿ ಅದೇ ಕಂಪನಿಯ ಹಳೆಯ, 1 ಗಿಗಾಹರ್ಟ್ಸಿನ ಪೆಂಟಿಯಂ 3 ಅದನ್ನು ಹಿಂದಿಕ್ಕಿತು. ಹೊಸದರಲ್ಲಿ ಪ್ರತಿ ಕೆಲಸವನ್ನೂ ಇಪ್ಪತ್ತು ಸಣ್ಣ ಹಂತಗಳಾಗಿ ಒಡೆದಿದ್ದರು, ಹಳೆಯದರಲ್ಲಿ ಹತ್ತು. ಹಂತ ಸಣ್ಣದಾದಷ್ಟೂ ತಾಳ ಜೋರಾಗಿ ಹಾಕಬಹುದು, ನಿಜ. ಆದರೆ ಮುಂದಿನ ಆದೇಶ ಯಾವುದೆಂಬ ಊಹೆ ತಪ್ಪಿದರೆ ಸಾಲಿನಲ್ಲಿ ನಿಂತ ಅಷ್ಟೂ ಹಂತಗಳ ಕೆಲಸ ವ್ಯರ್ಥ. ಪ್ರತಿಸ್ಪರ್ಧಿಯಾದ ಎ.ಎಂ.ಡಿ. ಕಂಪನಿ 2001ರಲ್ಲಿ ತನ್ನ 1.53 ಗಿಗಾಹರ್ಟ್ಸಿನ ಪ್ರೊಸೆಸರಿಗೆ ‘1800+’ ಎಂದು ಹೆಸರಿಟ್ಟಿತು. ಜನ ತಾಳದ ಸಂಖ್ಯೆಯನ್ನೇ ನೋಡುತ್ತಾರಲ್ಲ, ನಾವೂ ಒಂದು ದೊಡ್ಡ ಸಂಖ್ಯೆ ತೋರಿಸೋಣ ಎಂಬ ಉಪಾಯ. 2004ರ ಅಕ್ಟೋಬರಿನಲ್ಲಿ ಇಂಟೆಲ್ ತಾನು ಹೇಳಿದ್ದ 4 ಗಿಗಾಹರ್ಟ್ಸಿನ ಪೆಂಟಿಯಂ 4 ಅನ್ನು ಕೈಬಿಟ್ಟಿತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಕಡಿಮೆ ತಾಳದಲ್ಲಿಯೇ ಹೆಚ್ಚು ಕೆಲಸ ಮಾಡಿ ತೋರಿಸಿತು. ನಾನು ಸಭೆಯಲ್ಲಿ ಭಾಗಾಕಾರ ಮಾಡಿ ತೋರಿಸುತ್ತಿದ್ದುದು ಈ ತಾಳದ ಹುಚ್ಚು ಏರುತ್ತಿದ್ದ ಕಾಲದಲ್ಲಿಯೇ!

ತಾಳದ ಓಟ ನಿಂತ ಮೇಲೆ ತಿರುಳುಗಳ ಎಣಿಕೆ ಬಂತು. ಎರಡು ತಿರುಳು, ನಾಲ್ಕು, ಎಂಟು ಎಂದು ಈಗ ಮೊಬೈಲ್ ಅಂಗಡಿಯ ಹುಡುಗನೂ ಹೇಳುತ್ತಾನೆ. ಇಲ್ಲಿಯೂ ಆಲೆಮನೆಯ ಲೆಕ್ಕವೇ ಸಾಕು. ಒಂದು ಕೊಪ್ಪರಿಗೆಗೆ ಬೇಕಾದ ಕಬ್ಬು ಅರೆಯಲು ಎರಡು ಗಂಟೆ, ರಸ ಕಾಯಿಸಿ ಪಾಕ ಇಳಿಸಲು ಮೂರು ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು ಐದು ಗಂಟೆ. ಇನ್ನೊಂದು ಗಾಣ ತಂದರೆ ಅರೆಯುವುದು ಒಂದು ಗಂಟೆಗೆ ಇಳಿಯುತ್ತದೆ; ಒಟ್ಟು ನಾಲ್ಕು ಗಂಟೆ. ನೂರು ಗಾಣ ತಂದರೂ ಒಲೆಯ ಮುಂದಿನ ಮೂರು ಗಂಟೆ ತಪ್ಪುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ತಜ್ಞ ಮುಂದಿಟ್ಟ ವಾದದ ಸಾರ ಇದೇ: ಕೆಲಸದ ಯಾವ ಭಾಗವನ್ನು ಹಂಚಿಕೊಳ್ಳಲಾಗದೋ ಆ ಭಾಗ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ. ಇದು ಆಮ್ಡಾಲ್ ನಿಯಮವೆಂದೇ ಪ್ರಸಿದ್ಧ. ಕಬ್ಬಿನ ಗಾಡಿ ಹೊತ್ತಿಗೆ ಸರಿಯಾಗಿ ಬಾರದೆ ಗಾಣ ಖಾಲಿ ನಿಲ್ಲುವುದೂ ಉಂಟಲ್ಲವೆ? ನಮ್ಮ ಶಾಲೆಯ ಯಂತ್ರಕ್ಕೆ ಆದದ್ದು ಅದು.

ಹಾಗಾದರೆ ತಾಳ ಬೇಡ, ಆದೇಶಗಳನ್ನೇ ಎಣಿಸೋಣ ಎಂದರೆ? ಅದನ್ನೂ ಮಾಡಿ ನೋಡಿದ್ದಾರೆ. ಸೆಕೆಂಡಿಗೆ ಎಷ್ಟು ಹತ್ತು ಲಕ್ಷ ಆದೇಶಗಳು ಎಂಬುದಕ್ಕೆ ‘ಮಿಪ್ಸ್’ ಎಂದು ಹೆಸರು. 1977ರ ವ್ಯಾಕ್ಸ್-11/780 ಎಂಬ ಯಂತ್ರವನ್ನು ಒಂದು ಮಿಪ್ಸ್ ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸುತ್ತಿದ್ದ ಕಾಲವಿತ್ತು. ಆದರೆ ಒಂದು ಯಂತ್ರ ಒಂದೇ ಆದೇಶದಲ್ಲಿ ಮಾಡುವುದನ್ನು ಇನ್ನೊಂದು ನಾಲ್ಕು ಆದೇಶಗಳಲ್ಲಿ ಮಾಡಬಹುದು. ಗುದ್ದಲಿ ಎಷ್ಟು ಸಲ ಮೇಲೆದ್ದಿತು ಎಂದು ಎಣಿಸಿದಂತೆ ಅದು. ಎಷ್ಟು ಮಣ್ಣು ಬಂತೆಂದು ಹೇಳದು. ಆಮೇಲೆ ಬಂದದ್ದು ಕೃತಕ ಪರೀಕ್ಷಾ ಕೆಲಸಗಳು: ಬ್ರಿಟನ್ನಿನಲ್ಲಿ 1972ರಲ್ಲಿ ಸಿದ್ಧವಾದ ‘ವೆಟ್‌ಸ್ಟೋನ್’, 1984ರಲ್ಲಿ ಬಂದ ‘ಡ್ರೈಸ್ಟೋನ್’. ಸಣ್ಣ ಕೆಲಸವೊಂದನ್ನು ಮತ್ತೆ ಮತ್ತೆ ಮಾಡಿಸಿ ಹೊತ್ತು ನೋಡುವುದು. ಆದರೆ ಅಂಥ ಕೆಲಸ ನಿಜಜೀವನದಲ್ಲಿ ಯಾರಿಗೂ ಬೇಕಿಲ್ಲ.

ಇಂಥ ಪರೀಕ್ಷೆಗಳಿಗೆ ‘ಬೆಂಚ್‌ಮಾರ್ಕ್’ ಎಂಬ ಹೆಸರಿದೆ. ಅದು ಭೂಮಾಪಕರ ಮಾತು. ಎತ್ತರವನ್ನು ನಿಖರವಾಗಿ ಅಳೆದು ಕಲ್ಲಿನ ಮೇಲೆ ಕೊರೆದ ಗುರುತೇ ಬೆಂಚ್‌ಮಾರ್ಕು. ಮುಂದಿನ ಅಳತೆಗಳೆಲ್ಲ ಅದನ್ನು ನಂಬಿ ನಡೆಯುತ್ತವೆ. ನಮ್ಮ ಊರಿಗೂ ಭೂಮಾಪನಕ್ಕೂ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿಯೇ ಮರುವರ್ಷ ಬೆಂಗಳೂರಿನ ಬಳಿ, 1802ರಲ್ಲಿ ಮದ್ರಾಸಿನ ಬಳಿ ಆಧಾರರೇಖೆಗಳನ್ನು ಅಳೆದು ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಬುನಾದಿ ಹಾಕಿದವನು. ನೂರು ಅಡಿಯ ಉಕ್ಕಿನ ಸರಪಳಿ ಬಿಸಿಲಿಗೆ ಹಿಗ್ಗುತ್ತದೆಂದು ಉಷ್ಣಮಾಪಕ ಇಟ್ಟುಕೊಂಡು, ಹಿಗ್ಗಿದಷ್ಟನ್ನು ಲೆಕ್ಕದಲ್ಲಿ ತಿದ್ದುತ್ತಿದ್ದರು. ಯಾವ ಸ್ಥಿತಿಯಲ್ಲಿ ಅಳೆದೆವೆಂದು ಬರೆಯದ ಅಳತೆ ಅಳತೆಯಲ್ಲ ಎಂಬ ಪಾಠವನ್ನು ನಾನು ಮಕ್ಕಳಿಗೆ ಈ ಕಥೆಯ ಮೂಲಕವೇ ಹೇಳುತ್ತಿದ್ದೆ.

1988ರಲ್ಲಿ ಹಲವು ಕಂಪನಿಗಳು ಸೇರಿ ‘ಸ್ಪೆಕ್’ ಎಂಬ ಸಂಸ್ಥೆ ಕಟ್ಟಿಕೊಂಡವು. ಕೃತಕ ಕೆಲಸ ಬಿಟ್ಟು ನಿಜವಾದ ಕೆಲಸಗಳನ್ನೇ ಪರೀಕ್ಷೆಗೆ ಇಟ್ಟದ್ದು ಇದರ ಹೆಚ್ಚುಗಾರಿಕೆ. ಇದರ 2017ರ ಆವೃತ್ತಿಯಲ್ಲಿ 43 ಕೆಲಸಗಳಿವೆ. ಚದುರಂಗವಿದೆ, ವಿಡಿಯೊ ಕುಗ್ಗಿಸುವುದಿದೆ, ಹವಾಮಾನದ ಲೆಕ್ಕವೂ ಇದೆ. ಪ್ರತಿ ಕೆಲಸಕ್ಕೂ ಒಂದು ನೆಲೆಯಂತ್ರ ತೆಗೆದುಕೊಂಡ ಕಾಲವನ್ನು ಪರೀಕ್ಷೆಯ ಯಂತ್ರ ತೆಗೆದುಕೊಂಡ ಕಾಲದಿಂದ ಭಾಗಿಸುತ್ತಾರೆ. ಬಂದ ಅನುಪಾತಗಳ ಗುಣೋತ್ತರ ಮಾಧ್ಯವೇ ಅಂತಿಮ ಅಂಕ. ಒಂದೇ ಕೆಲಸವನ್ನು ಬೇಗ ಮುಗಿಸುವ ಶಕ್ತಿಗೊಂದು ಅಂಕ, ಒಟ್ಟಿಗೆ ಹಲವು ಕೆಲಸಗಳನ್ನು ಸಾಗಿಸುವ ಶಕ್ತಿಗೆ ಇನ್ನೊಂದು. ಒಬ್ಬನನ್ನು ಬೇಗ ತಲುಪಿಸುವ ಬೈಕೂ ಐವತ್ತು ಜನರನ್ನು ಒಮ್ಮೆಗೆ ತರುವ ಬಸ್ಸೂ ಬೇರೆ ಬೇರೆಯಲ್ಲವೆ?

ಸರಾಸರಿಯ ವಿಷಯದಲ್ಲಿ ಎಚ್ಚರ ಬೇಕು. ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 30 ಕಿ.ಮೀ. ವೇಗದಲ್ಲಿ ಬಂದರೆ ಸರಾಸರಿ ವೇಗವೆಷ್ಟು? ತರಗತಿಯಲ್ಲಿ ಮುಕ್ಕಾಲು ಪಾಲು ಮಕ್ಕಳು 45 ಎನ್ನುತ್ತಿದ್ದರು. ಸರಿಯುತ್ತರ 40. ನಿಧಾನದ ದಾರಿಯಲ್ಲಿ ಹೆಚ್ಚು ಹೊತ್ತು ಕಳೆದಿರುತ್ತೇವೆ. ಜಾಹೀರಾತಿನ ಸಂಖ್ಯೆಗಳನ್ನು ನೋಡುವಾಗ ನಾವೆಲ್ಲರೂ ಆ 45ರ ಮಕ್ಕಳೇ.

ಎಷ್ಟೇ ಒಳ್ಳೆಯ ಪರೀಕ್ಷೆಯಾದರೂ ಪ್ರಶ್ನೆ ಮೊದಲೇ ಗೊತ್ತಿದ್ದರೆ ಏನಾಗುತ್ತದೆಂಬುದು ಮೇಷ್ಟ್ರುಗಳಿಗೆ ಹೇಳಬೇಕಾಗಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕಾಗಿ ನಾವು ‘ಪಾಸಿಂಗ್ ಪ್ಯಾಕೇಜ್’ ಮಾಡಿದೆವು. ಖಂಡಿತ ಬರುವ ಪ್ರಶ್ನೆಗಳನ್ನು ಆರಿಸಿ ಉರು ಹೊಡೆಸಿದೆವು. ಫಲಿತಾಂಶ ಏರಿತು. ಕಲಿಕೆ ಅಷ್ಟೇ ಏರಿತೆಂದು ಎದೆ ಮುಟ್ಟಿಕೊಂಡು ನಾನು ಹೇಳಲಾರೆ. ಕಂಪ್ಯೂಟರ್ ಲೋಕದಲ್ಲೂ ಇದೇ ನಡೆಯಿತು. ಸ್ಪೆಕ್‌ನ ಮೊದಲ ಪಟ್ಟಿಯಲ್ಲಿ ‘ಮ್ಯಾಟ್ರಿಕ್ಸ್300’ ಎಂಬ ಕೆಲಸವಿತ್ತು. 1991ರ ಹೊತ್ತಿಗೆ ಕಂಪನಿಗಳು ಅದೊಂದಕ್ಕೇ ಹೇಳಿ ಮಾಡಿಸಿದಂಥ ಅನುವಾದಕ ತಂತ್ರಾಂಶ ಬಳಸಿ ಆ ಅಂಕವನ್ನು ಹಲವು ಪಟ್ಟು ಏರಿಸಿಕೊಂಡವು. ಸ್ಪೆಕ್ ಮುಂದಿನ ಪಟ್ಟಿಯಿಂದ ಆ ಕೆಲಸವನ್ನೇ ತೆಗೆದುಹಾಕಿತು. 2024ರಲ್ಲಿಯೂ ಸ್ಪೆಕ್ 2600ಕ್ಕೂ ಹೆಚ್ಚು ಫಲಿತಾಂಶಗಳ ಮೇಲೆ ಆಕ್ಷೇಪದ ಟಿಪ್ಪಣಿ ಬರೆಯಬೇಕಾಯಿತು. ಅವುಗಳಲ್ಲಿ ಬಳಸಿದ್ದ ಇಂಟೆಲ್‌ನ ಅನುವಾದಕ ಒಂದು ಪರೀಕ್ಷಾ ಕೆಲಸವನ್ನೇ ಗುರಿಯಾಗಿಟ್ಟುಕೊಂಡು ಅದರ ವೇಗ ಹೆಚ್ಚಿಸಿತ್ತೆಂದು ಕಂಡುಬಂದಿತ್ತು. 2013ರಲ್ಲಿ ಕೆಲವು ಮೊಬೈಲ್ ಫೋನುಗಳು ಪರೀಕ್ಷೆಯ ತಂತ್ರಾಂಶವನ್ನು ಗುರುತು ಹಿಡಿದು ಆ ಹೊತ್ತಿಗೆ ಮಾತ್ರ ಜೋರಾಗಿ ಓಡುತ್ತಿದ್ದುದೂ ಬಯಲಾಗಿತ್ತು. ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಸಮಯಕ್ಕೆ ಬರುವ ಮೇಷ್ಟ್ರಿನ ಹಾಗೆ!

ಇನ್ನು ನಮ್ಮ ನಾಡಿನದೇ ದೊಡ್ಡ ಯಂತ್ರಗಳ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಹಿರಿಯರ ‘ಟಾಟಾ ಇನ್‌ಸ್ಟಿಟ್ಯೂಟ್’, 2015ರಲ್ಲಿ ‘ಸಹಸ್ರ-ಟಿ’ ಎಂಬ ಸೂಪರ್ ಕಂಪ್ಯೂಟರನ್ನು ಸ್ಥಾಪಿಸಿತು. ಇಂಥ ಯಂತ್ರಗಳನ್ನು ಸೆಕೆಂಡಿಗೆ ಎಷ್ಟು ದಶಮಾಂಶ ಲೆಕ್ಕ ಮಾಡುತ್ತವೆಂಬುದರಿಂದ ಅಳೆಯುತ್ತಾರೆ. ಆ ಮಾನಕ್ಕೆ ‘ಫ್ಲಾಪ್ಸ್’ ಎಂದು ಹೆಸರು. ಒಂದು ಟೆರಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. 1993ರಿಂದ ಜಗತ್ತಿನ ಐನೂರು ಬಲಶಾಲಿ ಯಂತ್ರಗಳ ಪಟ್ಟಿಯೊಂದು ವರ್ಷಕ್ಕೆರಡು ಬಾರಿ ಪ್ರಕಟವಾಗುತ್ತಿದೆ. ಆ ಪಟ್ಟಿಯಲ್ಲಿ ಪ್ರತಿ ಯಂತ್ರದ ಮುಂದೆ ಎರಡು ಅಂಕಿಗಳು. ಸಹಸ್ರ-ಟಿಯ ಮುಂದೆ ಒಂದು ಅಂಕಿ ಸುಮಾರು 1244 ಟೆರಾಫ್ಲಾಪ್ಸ್, ಇನ್ನೊಂದು ಸುಮಾರು 901. ಮೊದಲನೆಯದು ಕಾಗದದ ಮೇಲಿನ ಗರಿಷ್ಠ: ಎಲ್ಲ ತಿರುಳುಗಳೂ ಒಂದು ಕ್ಷಣವೂ ಕಾಯದೆ ದುಡಿದರೆ ಬರುವ ಸಂಖ್ಯೆ. ಎರಡನೆಯದು ‘ಲಿನ್‌ಪ್ಯಾಕ್’ ಎಂಬ ಪರೀಕ್ಷೆಯಲ್ಲಿ ಅಳೆದು ಕಂಡದ್ದು. ರಾಶಿಯಾಗಿ ತುಂಬಿದ ಬಳ್ಳಕ್ಕೂ ಬಾಯಿ ಸವರಿದ ಬಳ್ಳಕ್ಕೂ ಇರುವ ವ್ಯತ್ಯಾಸದಂತೆ.

ಈ ಲಿನ್‌ಪ್ಯಾಕ್ ಪರೀಕ್ಷೆ ಯಾವುದೆಂದು ತಿಳಿದಾಗ ನನಗೆ ನಗು ಬಂತು. ನಾವು ಹತ್ತನೆಯ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳನ್ನು ವರ್ಜಿಸುವ ವಿಧಾನದಿಂದ ಬಿಡಿಸುತ್ತೇವಲ್ಲ, ಅದರ ಬೃಹತ್ ರೂಪ! ಎರಡರ ಬದಲು ಲಕ್ಷಾಂತರ ಚರಾಕ್ಷರಗಳು, ಅಷ್ಟೇ. ಆದರೆ ಇದು ಯಂತ್ರಕ್ಕೆ ಬಹಳ ಒಗ್ಗುವ ಲೆಕ್ಕ. ಸ್ಮರಣೆಯಿಂದ ಒಮ್ಮೆ ತಂದ ಸಂಖ್ಯೆಯನ್ನು ಹಲವು ಬಾರಿ ಬಳಸಿಕೊಳ್ಳಬಹುದು. ಹವಾಮಾನದ ಲೆಕ್ಕ ಹಾಗಲ್ಲ. ಅಲ್ಲಿ ಗಾಣಕ್ಕಿಂತ ಗಾಡಿಯದೇ ತೊಂದರೆ. ಅಂಥ ಕೆಲಸಗಳಲ್ಲಿ ಗರಿಷ್ಠ ಸಾಮರ್ಥ್ಯದ ನೂರಕ್ಕೆ ಕೆಲವೇ ಪಾಲು ಕೈಗೆ ಸಿಗುವುದು ಸಾಮಾನ್ಯ. ಲಿನ್‌ಪ್ಯಾಕಿನ ಜನಕರಲ್ಲೊಬ್ಬರಾದ ಜ್ಯಾಕ್ ಡೊಂಗಾರಾ ಅವರೇ ಈ ಕೊರತೆ ಕಂಡು ‘ಎಚ್.ಪಿ.ಸಿ.ಜಿ.’ ಎಂಬ ಇನ್ನೊಂದು ಪರೀಕ್ಷೆ ರೂಪಿಸುವುದರಲ್ಲಿ ಕೈಜೋಡಿಸಿದರು.

ಹವಾಮಾನದ ಮಾತೇಕೆ ಎಂದರೆ, ರೈತನಿಗೆ ಸೂಪರ್ ಕಂಪ್ಯೂಟರು ಬೇಕಾಗುವುದು ಅದಕ್ಕೇ. 1986ರಲ್ಲಿ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದವರು ಹಲವು ಪ್ರೊಸೆಸರುಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ದೇಶದ ಮೊದಲ ಸಮಾಂತರ ಗಣಕವೆಂಬ ಹಿರಿಮೆ ಅದರದು. ಗಾಳಿ ನೀರುಗಳ ಹರಿವಿನ ಸಮೀಕರಣ ಬಿಡಿಸಲೆಂದೇ ಹುಟ್ಟಿದ ಯಂತ್ರ, ಹೆಸರೇ ಹೇಳುವಂತೆ. ಮುಂದೆ ಮುಂಗಾರಿನ ಲೆಕ್ಕಕ್ಕೂ ಒದಗಿತು. ಮಾಡಬೇಕಾದ ಕೆಲಸ ಮೊದಲು, ಯಂತ್ರ ಆಮೇಲೆ ಎಂಬ ಕ್ರಮ ನನಗೆ ಅನುಕರಣೀಯವಾಗಿ ಕಾಣುತ್ತದೆ. ಈಗ ಪುಣೆಯ ‘ಅರ್ಕ’ ಮತ್ತು ನೋಯ್ಡಾದ ‘ಅರುಣಿಕ’ ಎಂಬ ಯಂತ್ರಗಳು 2024ರ ಸೆಪ್ಟೆಂಬರಿನಿಂದ ದೇಶದ ಹವಾಮಾನ ಲೆಕ್ಕಕ್ಕೆ ಮೀಸಲಾಗಿವೆ. ಅರ್ಕದ ಗರಿಷ್ಠ 11.77 ಪೆಟಾಫ್ಲಾಪ್ಸ್, ಅರುಣಿಕದ್ದು 8.24. ಒಂದು ಪೆಟಾ ಎಂದರೆ ಸಾವಿರ ಟೆರಾ.

ಈ ಅಂಕಿಗಳನ್ನು ಕೇಳಿ ಬೆರಗಾಗುವುದಕ್ಕಿಂತ, ಅವು ನಮ್ಮ ಹೊಲಕ್ಕೆ ಏನು ತಂದವೆಂದು ಕೇಳುವುದು ಲೇಸು. ಮೊದಲು ಹವಾಮಾನದ ಲೆಕ್ಕದಲ್ಲಿ ದೇಶವನ್ನು 12 ಕಿ.ಮೀ. ಚೌಕಗಳಾಗಿ ಹೆಣೆಯುತ್ತಿದ್ದರು. ಅಂಥ ಒಂದೇ ಚೌಕದಲ್ಲಿ ಶ್ರೀರಂಗಪಟ್ಟಣವೂ ಪಾಂಡವಪುರವೂ ಬೀಳಬಹುದು. ಎರಡೂ ಊರಿಗೆ ಒಂದೇ ಮಳೆ! ಪಟ್ಟಣದಲ್ಲಿ ಸುರಿದ ಮಳೆ ಪಾಂಡವಪುರದಲ್ಲಿ ಹನಿಯದೆ ಹೋಗುವುದನ್ನು ನಾವೆಷ್ಟು ಸಲ ನೋಡಿಲ್ಲ? 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಈ ಚೌಕವನ್ನು 6 ಕಿ.ಮೀ.ಗೆ ಇಳಿಸಿತು. ಚೌಕದ ಬದಿ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಕಾಲವನ್ನೂ ಅರ್ಧರ್ಧ ತುಂಡು ಮಾಡಬೇಕಾಗುವುದರಿಂದ ಲೆಕ್ಕ ಸುಮಾರು ಎಂಟು ಪಟ್ಟು. ಅಷ್ಟು ಲೆಕ್ಕವೂ ಮಳೆ ಬರುವ ಮೊದಲೇ ಮುಗಿಯಬೇಕು. ನಾಳೆಯ ಮಳೆಯನ್ನು ನಾಡಿದ್ದು ಹೇಳುವ ಯಂತ್ರ ಎಷ್ಟು ಪೆಟಾಫ್ಲಾಪ್ಸಿನದಾದರೇನು?

ಕನ್ನಂಬಾಡಿ ಕಟ್ಟೆಯ ಕೆಳಗೆ ಬದುಕುವ ನಮಗೆ ಈ ವಿವೇಕ ಹೊಸದಲ್ಲ. ಮುಂಗಾರು ಹಿಡಿಯಿತೆಂದರೆ ಪತ್ರಿಕೆ ಬಿಡಿಸಿದ ಕೂಡಲೇ ನಾವು ನೋಡುವುದು ಕಟ್ಟೆಯ ಮಟ್ಟ. ಗರಿಷ್ಠ 124.80 ಅಡಿ, ತುಂಬಿದಾಗ 49.45 ಟಿ.ಎಂ.ಸಿ. ನೀರು. ಹಾಗೆಂದು ಅರ್ಧ ಎತ್ತರಕ್ಕೆ ನಿಂತರೆ ಅರ್ಧ ನೀರೆಂದು ಯಾರೂ ಭಾವಿಸುವುದಿಲ್ಲ. ಕೆಳಗೆ ಕಿರಿದು, ಮೇಲೆ ಹರವು. ಮೇಲಿನ ಒಂದು ಅಡಿಯ ನೀರು ಕೆಳಗಿನ ಹಲವು ಅಡಿಗಳಿಗೆ ಸಮ. ಅದಕ್ಕೇ ಪತ್ರಿಕೆಯವರು ಒಳಹರಿವು, ಹೊರಹರಿವು, ಸಂಗ್ರಹ ಎಲ್ಲವನ್ನೂ ಕೊಡುತ್ತಾರೆ. ಇವೆಲ್ಲ ಸರಿಯಿದ್ದರೂ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತ ಕೇಳುವುದು ಒಂದೇ ಮಾತು: “ನಮ್ಮ ಗದ್ದೆಗೆ ನೀರು ಬತ್ತದಾ?” ಗಿಗಾಹರ್ಟ್ಸ್ ಎಂಬುದು ಕಟ್ಟೆಯ ಅಡಿ. ಫ್ಲಾಪ್ಸ್ ಎಂಬುದು ನಾಲೆಯ ತೂಬಿನಲ್ಲಿ ಬಿಟ್ಟ ಕ್ಯೂಸೆಕ್ಸು. ಕೊನೆಯ ಗದ್ದೆಗೆ ಬಂದ ನೀರೇ ಕೊಳ್ಳುವವನಿಗೆ ಸಲ್ಲುವ ಅಳತೆ; ನನ್ನ ಕೆಲಸ ನನ್ನ ಯಂತ್ರದಲ್ಲಿ ಎಷ್ಟು ಹೊತ್ತಿನಲ್ಲಿ ಮುಗಿಯಿತು ಎಂಬುದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಶಾಲೆ ಕಾಲೇಜುಗಳಿಗೆ ಕಂಪ್ಯೂಟರು ಕೊಳ್ಳುವವರು ಟೆಂಡರಿನಲ್ಲಿ ಗಿಗಾಹರ್ಟ್ಸ್, ತಿರುಳುಗಳ ಸಂಖ್ಯೆ ಬರೆದು ಕೈತೊಳೆದುಕೊಳ್ಳಬಾರದು. ಮಕ್ಕಳು ಮಾಡುವ ನಾಲ್ಕು ಕೆಲಸಗಳನ್ನು ಹೆಸರಿಸಿ, ಇವು ಇಷ್ಟು ಹೊತ್ತಿನೊಳಗೆ ಮುಗಿಯಬೇಕೆಂದು ಬರೆಯಬೇಕು. ಯಂತ್ರ ಬಂದ ದಿನ ಎಲ್ಲರೆದುರು ಅಳೆಯಬೇಕು. ಹಾಗೆಯೇ ವೇಗ, ಸರಾಸರಿ, ಅನುಪಾತಗಳ ಪಾಠವನ್ನು ರೈಲು ಮತ್ತು ನಲ್ಲಿಯ ಲೆಕ್ಕಗಳಲ್ಲೇ ನಿಲ್ಲಿಸದೆ ಪ್ರಯೋಗಾಲಯದ ಕಂಪ್ಯೂಟರಿನ ಮುಂದೆಯೂ ಮಾಡಿಸಬೇಕು. ಒಂದೇ ಅಂಕಿಯನ್ನು ನಂಬದ ಅಭ್ಯಾಸ ಹಳ್ಳಿಯ ಮಗುವಿಗೆ ಮುಂದೆ ಬಹಳ ಕಡೆ ಕಾಯುತ್ತದೆ. ಶೇಕಡಾ 58 ಎಂಬ ಒಂದು ಅಂಕಿಯ ಮೇಲೆ ನಾನೂ ಎಷ್ಟೋ ಮಕ್ಕಳನ್ನು ‘ಸಾಧಾರಣ’ ಎಂದು ಬರೆದಿದ್ದೇನೆ. ಅವರಲ್ಲಿ ಒಬ್ಬ ಇಂದು ನಾಲ್ಕು ತಾಲ್ಲೂಕಿನ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡಿ ಹೆಸರಾಗಿದ್ದಾನೆ. ಆ ಕೆಲಸಕ್ಕೆ ನನ್ನ ಬಳಿ ಬಳ್ಳವೇ ಇರಲಿಲ್ಲ.

ಇನ್ನು ನನ್ನ ವಿದ್ಯಾರ್ಥಿಯ ಹಸುವಿನ ಕಥೆ. ಐ-7 ಎಂಬುದು ಒಂದು ಸಾಲಿನ ಹೆಸರೇ ಹೊರತು ಅಳತೆಯಲ್ಲವೆಂದು ಅವನಿಗೆ ವಿವರಿಸಿದೆ. ಇಂಟೆಲ್‌ನ ಏಳನೆಯ ಪೀಳಿಗೆಯವರೆಗೆ ಹೆಸರಿನ ಕೊನೆಗೆ ‘ಯು’ ಅಕ್ಷರವಿದ್ದ ಲ್ಯಾಪ್‌ಟಾಪಿನ ಐ-7ಗಳಲ್ಲಿ ಇದ್ದದ್ದು ಎರಡೇ ತಿರುಳು. ಅದೇ ಕಾಲದ ಮೇಜಿನ ಮೇಲಿನ ಐ-5ಗಳಲ್ಲಿ ಬಹುಪಾಲಿಗೆ ನಾಲ್ಕು. ಹುಡುಗಿಗೆ ಹೇಳಿದೆ: “ಸೀನಿಯರ್‌ಗಳನ್ನು ಕೇಳಿ, ನೀವು ಮಾಡುವ ಕೆಲಸಗಳ ಮಾದರಿಯನ್ನು ಒಂದು ಪೆನ್‌ಡ್ರೈವಿನಲ್ಲಿ ತಗೋ. ಎರಡೂ ಯಂತ್ರದಲ್ಲಿ ಅದನ್ನೇ ಓಡಿಸು. ಮೂರು ಮೂರು ಸಲ ಹೊತ್ತು ನೋಡಿ ನಡುವಿನದನ್ನು ಬರೆದುಕೋ. ಅರ್ಧ ಗಂಟೆ ಬಿಟ್ಟು, ಯಂತ್ರ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡು, ಬಿಸಿಯಾದರೆ ತಾನೇ ತಾಳ ಇಳಿಸಿಕೊಳ್ಳುತ್ತದೆ. ಚಾರ್ಜರು ಕಿತ್ತು ಇನ್ನೊಮ್ಮೆ ನೋಡು.” ಲ್ಯಾಂಬ್ಟನ್ನನ ಸರಪಳಿಯ ಕಥೆಯನ್ನೂ ಸೇರಿಸಿದೆ, ಮೇಷ್ಟ್ರ ಚಟ ಬಿಡುವುದಿಲ್ಲ.

ಎಂಟು ದಿನ ಬಿಟ್ಟು ಫೋನ್ ಬಂತು. ಅಂಗಡಿಯವರು ಮೊದಲು ಹುಬ್ಬೇರಿಸಿದರಂತೆ, ಆಮೇಲೆ ಅವರೇ ಕುತೂಹಲದಿಂದ ಕುರ್ಚಿ ಎಳೆದುಕೊಂಡು ಕೂತರಂತೆ. ಆಕೆಯ ಕೆಲಸಗಳಲ್ಲಿ ತಣ್ಣಗಿದ್ದಾಗ ದುಬಾರಿಯದು ಸ್ವಲ್ಪ ಮುಂದಿತ್ತು. ಅರ್ಧ ಗಂಟೆಯ ಮೇಲೆ ಎರಡಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ. ಕಡಿಮೆ ಬೆಲೆಯದನ್ನೇ ತಗೊಂಡು, ಅದಕ್ಕೆ ಇನ್ನಷ್ಟು ಸ್ಮರಣೆ ಹಾಕಿಸಿದರು. “ಹಸ ಕೊಟ್ಗೇಲೇ ಅದೆ ಮೇಷ್ಟ್ರೇ” ಎಂದ ಅವನ ಮಾತಿಗೆ ನಾನೇನೂ ಹೇಳಲಿಲ್ಲ. ನಾಗಮಂಗಲ ತಾಲ್ಲೂಕಿನ ಆ ಹಿರಿಯರ ನೆನಪಾಗಿತ್ತು.

ಆ ಹುಡುಗಿ ಮುಂದಿನ ಸಲ ಬಂದಾಗ ತಾನು ಅಳತೆ ಬರೆದಿಟ್ಟುಕೊಂಡ ನೋಟ್‌ಬುಕ್ಕನ್ನು ತೋರಿಸಿದಳು. ದಿನಾಂಕ, ಕೆಲಸ, ಮೂರು ಸಲದ ಹೊತ್ತು, ಕೊನೆಯಲ್ಲಿ ‘ಫ್ಯಾನಿನ ಕೆಳಗೆ’, ‘ಚಾರ್ಜರ್ ಇಲ್ಲದೆ’ ಎಂಬ ಷರಾ. ಅವಳ ತಂದೆಯ ಹತ್ತನೆಯ ತರಗತಿಯ ಪ್ರಯೋಗ ಪುಸ್ತಕಕ್ಕಿಂತ ಚೆನ್ನಾಗಿತ್ತು. ಅವನೆದುರಿಗೇ ಹಾಗೆಂದೆ, ನಕ್ಕು ತಲೆ ಕೆರೆದುಕೊಂಡ.